ನೆಲ ನಿಜಕ್ಕೂ ಡೊಂಕಾಗಿದ್ದಾಗ

ಕಳೆದ ಮಳೆಗಾಲದಲ್ಲಿ ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದ ಹನ್ನೊಂದು ಪುಟ ಕಾಣೆಯಾದವು. ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡರವರೆಗೆ ಕೂತು ಪಾಠಾಂತರಗಳ ಟಿಪ್ಪಣಿ ಟೈಪ್ ಮಾಡಿ, ನೇರ ಪೆನ್‌ಡ್ರೈವ್‌ಗೆ ಸೇವ್ ಮಾಡಿ ಮಲಗಿದ್ದೆ. ಬೆಳಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಫೈಲಿನ ಹೆಸರಿತ್ತು, ತಾರೀಖಿತ್ತು, ಒಳಗೆ ಏನೂ ಇರಲಿಲ್ಲ. ಅಂಗಡಿಯ ಹುಡುಗ, "ಸರಿಯಾಗಿ ರಿಮೂವ್ ಮಾಡಿಲ್ಲ ಮೇಡಂ, ಹಂಗೇ ಕಿತ್ಬಿಟ್ಟಿದೀರ" ಎಂದ. ಗೈಡ್ ಮೇಷ್ಟ್ರು, "ಇನ್ನೊಂದು ಕಾಪಿ ಇಟ್ಕೊಂಡಿರ್ಲಿಲ್ವೇನಮ್ಮ?" ಎಂದು ಕೇಳಿ ಸುಮ್ಮನಾದರು. ಪರದೆಯ ಮೇಲೆ ಉಳಿದಿದೆ ಅಂತಲೇ ಬಂದಿತ್ತು ಎಂದು ನಾನು ಮತ್ತೆ ಮತ್ತೆ ಹೇಳುವುದನ್ನು ಕೇಳಿ ಸಾಕಾದ ರೂಮ್‌ಮೇಟ್ ಕೊನೆಗೆ ಗಾದೆಯನ್ನೇ ಎತ್ತಿಕೊಂಡಳು: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ತಪ್ಪು ನನ್ನದೇ ಇರಬಹುದು. ಆದರೆ ಈ ಮೂರೂ ಮಾತುಗಳಲ್ಲಿ ಯಂತ್ರ ಎಷ್ಟು ಸಲೀಸಾಗಿ ಪಾರಾಯಿತು ಎಂಬುದು ನನ್ನನ್ನು ಕೊರೆಯತೊಡಗಿತು. ಆ ವಾರ ಕೆಲಸ ಮುಂದುವರಿಸಲು ಮನಸ್ಸಿಲ್ಲದೆ, ಬಹಳ ದಿನದಿಂದ ಓದಬೇಕು ಎಂದುಕೊಂಡಿದ್ದ ಎರಡು ಪುಸ್ತಕಗಳನ್ನು ಹಿಡಿದೆ. ಎರಡೂ ಅಮೆರಿಕದ ವಿದ್ವಾಂಸ ಮ್ಯಾಥ್ಯೂ ಕಿರ್ಶೆನ್‌ಬಾಮ್ ಬರೆದವು. 2008ರ 'ಮೆಕ್ಯಾನಿಸಮ್ಸ್' ಡಿಜಿಟಲ್ ಬರವಣಿಗೆಯ ಭೌತಿಕ ರೂಪವನ್ನು ಕುರಿತದ್ದು. 2016ರ 'ಟ್ರ್ಯಾಕ್ ಚೇಂಜಸ್' ವರ್ಡ್ ಪ್ರೊಸೆಸರಿನ ಸಾಹಿತ್ಯಕ ಚರಿತ್ರೆ. ಗ್ರಂಥಸಂಪಾದನೆಯಲ್ಲಿ ಕೆಲಸ ಮಾಡುವವರಿಗೆ ಮೊದಲನೆಯದು ಹಬ್ಬ. 1980ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ 'ಮಿಸ್ಟರಿ ಹೌಸ್' ಎಂಬ ಆಟದ ಒಂದು ಡಿಸ್ಕಿನ ಪ್ರತಿಯನ್ನು ಅವರು ಓಲೆಗರಿಯ ಕಟ್ಟು ಬಿಚ್ಚಿದ ಹಾಗೆ ಬೈಟ್ ಬೈಟಾಗಿ ಬಿಚ್ಚಿ ಓದುತ್ತಾರೆ. ಅದರಲ್ಲಿ, ಹಿಂದೆ ಅದೇ ಡಿಸ್ಕಿನಲ್ಲಿದ್ದು ಅಳಿಸಿಹೋದ ಬೇರೆ ಆಟಗಳ ತುಣುಕುಗಳು ಸಿಗುತ್ತವೆ. ತಾನಾಗಿ ಅಳಿದುಹೋಗಲೆಂದೇ 1992ರಲ್ಲಿ ಡಿಸ್ಕಿಗೆ ಹಾಕಿದ ವಿಲಿಯಂ ಗಿಬ್ಸನ್‌ರ 'ಅಗ್ರಿಪ್ಪ' ಕವಿತೆ ಅಳಿಯದೆ ಊರೆಲ್ಲ ಹರಡಿದ ಕಥೆಯೂ ಅಲ್ಲಿದೆ. ಡಿಜಿಟಲ್ ಬರಹ ಗಾಳಿಯಲ್ಲಿ ಬರೆದದ್ದಲ್ಲ, ಅದು ಎಲ್ಲೋ ಒಂದು ಕಡೆ ಗೀರು ಬಿಟ್ಟೇ ಬಿಟ್ಟಿರುತ್ತದೆ ಎಂಬುದು ಅವರ ವಾದ.

ವಾದ ಸರಿ. ಅದನ್ನು ಹೊಟ್ಟೆ ಉರಿಯುತ್ತಿರುವಾಗ ಓದಿದ್ದರಿಂದಲೋ ಏನೋ, ನನಗೆ ಅದರ ಇನ್ನೊಂದು ಮಗ್ಗುಲು ಕಂಡಿತು. ಉಳಿದದ್ದನ್ನು ಓದಬಲ್ಲ ತಜ್ಞನ ಕಡೆಯಿಂದ ಬರೆದ ಚರಿತ್ರೆ ಅದು. ಹತ್ತು ಗಂಟೆ ಕೂತು ಬರೆದದ್ದನ್ನು ಕಳೆದುಕೊಂಡ ಮನೆಯವನಿಗೆ, ಅಳಿಸಿದ ಆಟದ ತುಣುಕು ಅಲ್ಲೇ ಎಲ್ಲೋ ಉಳಿದಿದೆ ಎಂಬುದು ಸಮಾಧಾನವಲ್ಲ. ಉಳಿದದ್ದಕ್ಕೆ ಸಂಗ್ರಹಾಲಯವಿದೆ. ಕಳೆದದ್ದಕ್ಕೆ ಇರುವುದು ಕಳೆದುಕೊಂಡವರ ಮಾತು ಮಾತ್ರ. ಆ ಮಾತನ್ನು ನಂಬಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದ ಒಂದು ನಿಜವಾದ ಸಂದರ್ಭವಿದೆ. ಈ ಬರಹ ಅದರ ಬಗ್ಗೆ.

1982ರಲ್ಲಿ ಕಮಡೋರ್ ಕಂಪನಿ 'ಕಮಡೋರ್ 64' ಎಂಬ ಮನೆಬಳಕೆಯ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಅದು ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಸ್ಮೃತಿ 64 ಕಿಲೋಬೈಟ್. ಸ್ವಿಚ್ ಆರಿಸಿದರೆ ಎಲ್ಲ ಖಾಲಿ. ಬರೆದದ್ದನ್ನು ಇಟ್ಟುಕೊಳ್ಳಲು ಮೊದಲಿಗೆ ಕ್ಯಾಸೆಟ್ ಟೇಪ್ ಇತ್ತು. ದುಡ್ಡಿದ್ದವರು 1541 ಎಂಬ ಹೆಸರಿನ ಫ್ಲಾಪಿ ಡ್ರೈವ್ ಕೊಂಡರು. ಐದೂಕಾಲು ಇಂಚಿನ ಡಿಸ್ಕಿನ ಒಂದು ಬದಿಯಲ್ಲಿ ಸುಮಾರು 170 ಕಿಲೋಬೈಟ್ ಹಿಡಿಸುತ್ತಿತ್ತು. ಈ ಡ್ರೈವ್ ಬರೀ ಡ್ರೈವ್ ಆಗಿರಲಿಲ್ಲ. ಅದರೊಳಗೆ ಅದರದೇ ಪ್ರೊಸೆಸರ್, ಅದರದೇ 2 ಕಿಲೋಬೈಟ್ ಸ್ಮೃತಿ, ಚಿಪ್ಪಿನೊಳಗೆ ಕಾಯಂ ಆಗಿ ಕೂರಿಸಿದ ಅದರದೇ ಪ್ರೋಗ್ರಾಂ ಇದ್ದವು. ಅಂದರೆ ಒಂದು ಕಂಪ್ಯೂಟರಿಗೆ ತಂತಿಯಲ್ಲಿ ಕಟ್ಟಿದ ಇನ್ನೊಂದು ಕಂಪ್ಯೂಟರ್. ಈ ಎರಡರ ನಡುವಿನ ಮಾತುಕತೆಯ ರೀತಿಯೇ ನನಗೆ ಈ ಕಥೆಯ ಜೀವ ಎನಿಸುತ್ತದೆ.

ನಾನು ಹುಟ್ಟುವ ಹೊತ್ತಿಗೆ ಆ ಕಂಪನಿ ಮುಳುಗಿಹೋಗಿತ್ತು. ಹಾಗಾಗಿ ನನ್ನ ಪರಿಚಯವೆಲ್ಲ ಎರಡನೇ ಕೈಯದು: ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕೈಪಿಡಿಗಳು, ಪತ್ರಿಕೆಗಳು ಮತ್ತು ವೈಸ್ ಎಂಬ ಎಮ್ಯುಲೇಟರ್. ನನ್ನ ಲ್ಯಾಪ್‌ಟಾಪಿನೊಳಗೆ ಆ ಹಳೆಯ ಯಂತ್ರದಂತೆ ನಟಿಸುವ ಈ ತಂತ್ರಾಂಶ, ಡ್ರೈವಿನ ಚಿಪ್ಪಿನಲ್ಲಿದ್ದ ಮೂಲ ಪ್ರೋಗ್ರಾಮನ್ನೇ ಓಡಿಸುತ್ತದೆ. ಡ್ರೈವಿನ ದೀಪವೂ ಕಿಟಕಿಯ ಕೆಳಗೆ ಒಂದು ಮೂಲೆಯಲ್ಲಿ ಹತ್ತಿ ಆರುತ್ತದೆ.

ಮೊದಲ ದಿನ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಬರೆದು 'ಸೇವ್' ಎಂದು ಟೈಪ್ ಮಾಡಿ, ಹೆಸರು ಕೊಟ್ಟು, ಅಲ್ಪವಿರಾಮ ಹಾಕಿ 8 ಎಂದೆ. ಎಂಟು ಎಂದರೆ ಡ್ರೈವಿನ ಸಂಖ್ಯೆ. ಉಳಿಸುತ್ತಿದ್ದೇನೆ ಎಂದು ಪರದೆ ಹೇಳಿತು, ಆಮೇಲೆ 'ರೆಡಿ' ಎಂದಿತು. ಪ್ರೋಗ್ರಾಮನ್ನು ಸ್ವಲ್ಪ ತಿದ್ದಿ ಅದೇ ಹೆಸರಿನಲ್ಲಿ ಮತ್ತೆ ಸೇವ್ ಮಾಡಿದೆ. ಉಳಿಸುತ್ತಿದ್ದೇನೆ ಎಂದಿತು, ರೆಡಿ ಎಂದಿತು. ಅಕ್ಷರ ಅಕ್ಷರವೂ ಅದೇ. ಆದರೆ ಮೂಲೆಯ ಕೆಂಪು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಎರಡನೇ ಸಲ ಏನೂ ಉಳಿದಿರಲಿಲ್ಲ. ಆ ಹೆಸರಿನ ಫೈಲ್ ಆಗಲೇ ಇದೆ ಎಂದು ಡ್ರೈವ್ ನಿರಾಕರಿಸಿತ್ತು. ನಿರಾಕರಿಸಿದ್ದು ಡ್ರೈವಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ, ಅದು ಕೇಳಲೂ ಹೋಗಲಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಏನಾಯಿತು ಎಂದು ತಿಳಿಯಬೇಕಾದರೆ ನಾವೇ ಹೋಗಿ ಡ್ರೈವನ್ನು ಕೇಳಬೇಕು. ಅದಕ್ಕೆ 15ನೇ ಸಂಖ್ಯೆಯ ಬೇರೆ ದಾರಿಯಿದೆ. ಆದರೆ ಅದರ ಉತ್ತರವನ್ನು ಓದುವ ಆಜ್ಞೆಯನ್ನು ಪರದೆಯಲ್ಲಿ ನೇರವಾಗಿ ಟೈಪ್ ಮಾಡಲು ಆ ಯಂತ್ರದ ಬೇಸಿಕ್ ಭಾಷೆ ಬಿಡುವುದಿಲ್ಲ. ಸಾಲುಸಂಖ್ಯೆ ಹಾಕಿ ಒಂದು ಪುಟ್ಟ ಪ್ರೋಗ್ರಾಮನ್ನೇ ಬರೆಯಬೇಕು. ಬರೆಯುವುದು ಎಲ್ಲಿ? ಸ್ಮೃತಿಯಲ್ಲಿ. ಅಲ್ಲಿ ಆಗಲೇ ಇರುವುದು ಯಾವುದು? ಇನ್ನೂ ಉಳಿಯದ ನಮ್ಮ ಪ್ರೋಗ್ರಾಂ. ಎಚ್ಚರ ತಪ್ಪಿ ಹತ್ತು, ಇಪ್ಪತ್ತು ಎಂದು ಸಾಲುಸಂಖ್ಯೆ ಕೊಟ್ಟರೆ ನಮ್ಮ ಪ್ರೋಗ್ರಾಮಿನ ಹತ್ತನೇ, ಇಪ್ಪತ್ತನೇ ಸಾಲುಗಳೇ ಹೋದವು. ಸರಿ, ಡಿಸ್ಕಿನಲ್ಲಿ ಯಾವ ಯಾವ ಹೆಸರುಗಳಿವೆ ಎಂದು ಮೊದಲು ನೋಡಿಕೊಳ್ಳೋಣ ಎಂದರೆ ಅದು ಇನ್ನೂ ಚೆಂದ. ಫೈಲುಗಳ ಪಟ್ಟಿಯನ್ನು ನೋಡಲು ಅದನ್ನೂ ಒಂದು ಪ್ರೋಗ್ರಾಮಿನಂತೆ ಲೋಡ್ ಮಾಡಬೇಕು, ಲೋಡ್ ಮಾಡಿದ ಕೂಡಲೇ ಸ್ಮೃತಿಯಲ್ಲಿದ್ದ ನಮ್ಮ ಬರಹ ಅಳಿಸಿಹೋಗುತ್ತದೆ. ಪೆಟ್ಟಿಗೆಯಲ್ಲಿ ಜಾಗವಿದೆಯೇ ಎಂದು ಇಣುಕುವಾಗ ಕೈಯಲ್ಲಿದ್ದ ಗಂಟು ಬಾವಿಗೆ. ಈ ತೊಡಕುಗಳನ್ನು ತಪ್ಪಿಸುವ ಸಣ್ಣ ಸಹಾಯಕ ಪ್ರೋಗ್ರಾಮ್‌ಗಳು ಇದ್ದವು, ಬಳಸುವವರು ಬಳಸಿದರು. ಆದರೆ ಸ್ವಿಚ್ ಹಾಕಿದ ಕೂಡಲೇ ಎದುರಾಗುತ್ತಿದ್ದ ಯಂತ್ರ ಇದು.

ನನಗೆ ಇಲ್ಲಿ ಕಾಡುವುದು ತಾಂತ್ರಿಕ ಕೊರತೆಗಿಂತ ಆ ಒಂದು ಪದ. 'ರೆಡಿ' ಎಂಬುದು ಕೆಲಸ ಮುಗಿಯಿತು ಎಂದಲ್ಲ, ಮುಂದಿನ ಆಜ್ಞೆಗೆ ನಾನು ತಯಾರು ಎಂದಷ್ಟೇ. ತರ್ಕಕ್ಕೆ ನೋಡಿದರೆ ಯಂತ್ರ ಸುಳ್ಳು ಹೇಳಲಿಲ್ಲ. ಆದರೆ ಸೇವ್ ಎಂದು ಕೇಳಿದವನ ಕಿವಿಗೆ ಅದು ಉತ್ತರವಾಗಿಯೇ ಬೀಳುತ್ತದೆ. ಹೋಟೆಲಿನಲ್ಲಿ "ದೋಸೆ ಆಯ್ತಾ?" ಎಂದು ಕೇಳಿದಾಗ ಮಾಣಿ "ಮುಂದೆ ಹೇಳಿ ಸಾರ್" ಎಂದರೆ ದೋಸೆ ಬರುತ್ತಿದೆ ಎಂದೇ ತಾನೇ ನಾವು ತಿಳಿಯುವುದು? ಕನ್ನಡದಲ್ಲಿ ಈಗ ಈ ಗುಂಡಿಗೆ 'ಉಳಿಸು' ಎಂದು ಹಾಕುತ್ತಾರೆ. ಒಳ್ಳೆಯ ಪದ. ನಾವು ಹಣ ಉಳಿಸುತ್ತೇವೆ, ಜೀವ ಉಳಿಸುತ್ತೇವೆ, ಕೊಟ್ಟ ಮಾತನ್ನೂ ಉಳಿಸಿಕೊಳ್ಳುತ್ತೇವೆ. ಮಾತು ಉಳಿಸಿಕೊಳ್ಳುವುದು ಎಂಬ ಅರ್ಥ ಇಂಗ್ಲಿಷಿನ ಸೇವ್‌ಗೆ ಇಲ್ಲ. ಇದ್ದಿದ್ದರೆ ಆ ಯಂತ್ರವನ್ನು ಮಾಡಿದವರಿಗೆ ಸ್ವಲ್ಪ ಮುಜುಗರವಾಗುತ್ತಿತ್ತು.

ನಮ್ಮ ಓಲೆಗರಿಗಳ ಲಿಪಿಕಾರರು ಕೃತಿ ಮುಗಿದ ಮೇಲೆ ಒಂದು ಮಾತು ಸೇರಿಸುವುದುಂಟು: ಪ್ರತಿ ಮಾಡುವಾಗ ತಪ್ಪಾಗಿದ್ದರೆ ತಿಳಿದವರು ತಿದ್ದಿ ಓದಬೇಕು, ಬೆನ್ನು ಬಾಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಕಾಪಾಡಿ. ಎಂ.ಎ.ಯಲ್ಲಿ ಇದನ್ನು ನಾವು ಸವಕಲು ಸಂಪ್ರದಾಯವೆಂದು ನಕ್ಕು ಬಿಡುತ್ತಿದ್ದೆವು. ಈಗ ಹಾಗನ್ನಿಸುವುದಿಲ್ಲ. ಪ್ರತಿ ಮಾಡುವವನೇ ತನ್ನ ಪ್ರತಿಯ ಮೇಲೆ ಸಂಶಯದ ಗುರುತು ಇಟ್ಟು ಕೊಡುವುದು ದೊಡ್ಡ ಸೌಜನ್ಯ. 1541ರಲ್ಲೂ ಅಂಥ ಒಂದು ಗುರುತು ಇತ್ತು ಅನ್ನಿ. ಬರೆಯುತ್ತಿರುವಾಗ ನಡುವೆ ಏನಾದರೂ ಆಗಿ ಫೈಲು ಸರಿಯಾಗಿ ಮುಚ್ಚದೆ ಹೋದರೆ ಪಟ್ಟಿಯಲ್ಲಿ ಅದರ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಬರುತ್ತದೆ. ಅಂಥ ಫೈಲನ್ನು ಮಾಮೂಲಿನಂತೆ ಅಳಿಸಲು ಹೋದರೆ ಬೇರೆ ಫೈಲುಗಳೂ ಕೆಡಬಹುದು. ಅದಕ್ಕೆಂದೇ ಇರುವ ಇನ್ನೊಂದು ಆಜ್ಞೆಯಿಂದ ಇಡೀ ಡಿಸ್ಕಿನ ಲೆಕ್ಕವನ್ನು ಮತ್ತೆ ತಾಳೆ ಹಾಕಬೇಕು. ನಕ್ಷತ್ರ ಚೆನ್ನಾಗಿಯೇ ಮಿನುಗುತ್ತದೆ. ಅದನ್ನು ನೋಡಲು ಪಟ್ಟಿ ತೆರೆಯಬೇಕು. ಪಟ್ಟಿ ತೆರೆದರೆ ಏನಾಗುತ್ತದೆ ಎಂದು ಆಗಲೇ ಹೇಳಿದೆ.

ಇನ್ನು ಗಾದೆಯ ವಿಷಯ. ಅದೇ ಹೆಸರಿನಲ್ಲಿ ತಿದ್ದಿದ ಪ್ರತಿಯನ್ನು ಉಳಿಸಲು ಕಮಡೋರ್ ಒಂದು ಉಪಾಯ ಕೊಟ್ಟಿತ್ತು. ಹೆಸರಿನ ಮುಂದೆ '@0:' ಎಂದು ಸೇರಿಸಿದರೆ ಹಳೆಯದನ್ನು ತೆಗೆದು ಆ ಜಾಗಕ್ಕೆ ಹೊಸದನ್ನು ಇಡು ಎಂದರ್ಥ. ಬರೆಯುವವರಿಗೆ ದಿನಕ್ಕೆ ಇಪ್ಪತ್ತು ಸಲ ಬೇಕಾಗುವ ಆಜ್ಞೆ ಇದು. ಕೈಪಿಡಿಯೂ ಇದನ್ನು ಸಾಧಾರಣ ಸಂಗತಿಯೆಂಬಂತೆ ವಿವರಿಸುತ್ತದೆ. ಆದರೆ ಬಳಸಿದವರಲ್ಲಿ ಕೆಲವರು ಬೇರೆ ಕಥೆ ಹೇಳತೊಡಗಿದರು. ಇದನ್ನು ಬಳಸಿದ ಮೇಲೆ ಫೈಲು ಕೆಟ್ಟಿತು, ಒಂದು ಪ್ರೋಗ್ರಾಂ ಕರೆದರೆ ಇನ್ನೊಂದರ ಬಾಲ ಬಂತು, ಮುಟ್ಟದೇ ಇದ್ದ ಫೈಲೂ ಹಾಳಾಯಿತು ಎಂಬ ದೂರುಗಳು. ಯಾವಾಗಲೂ ಅಲ್ಲ, ಯಾವಾಗಲೋ ಒಮ್ಮೆ. ಕೆಲವು ಪತ್ರಿಕೆಗಳು ಬಳಸಬೇಡಿ ಎಂದವು. ಅದೆಲ್ಲ ಕಟ್ಟುಕಥೆ, ಡಿಸ್ಕ್ ಹಳೆಯದಿರಬೇಕು ಅಥವಾ ಬಳಸಿದವನು ಎಡವಿರಬೇಕು ಎಂದವರೂ ಇದ್ದರು. ಈ ಜಗಳ ವರ್ಷಗಟ್ಟಲೆ ನಡೆಯಿತು.

ಈ ಜಗಳ ಸುಲಭವಾಗಿ ತೀರದೇ ಇದ್ದದ್ದಕ್ಕೆ ಕಾರಣ ತಿಳಿಯಲು ಡಿಸ್ಕಿನ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಡಿಸ್ಕನ್ನು 35 ವೃತ್ತಗಳಾಗಿ, ಅವನ್ನು ಒಟ್ಟು 683 ತುಂಡುಗಳಾಗಿ ಭಾಗ ಮಾಡಿರುತ್ತದೆ. ಒಂದೊಂದು ತುಂಡಿನಲ್ಲಿ 256 ಬೈಟ್. ಅದರಲ್ಲಿ ಮೊದಲ ಎರಡು ಬೈಟ್ ನಮ್ಮ ಬರಹಕ್ಕಲ್ಲ, ಮುಂದಿನ ತುಂಡು ಎಲ್ಲಿದೆ ಎಂಬ ವಿಳಾಸಕ್ಕೆ. ಒಂದು ಫೈಲೆಂದರೆ ಹೀಗೆ ಒಂದರಿಂದ ಇನ್ನೊಂದಕ್ಕೆ ಕೈ ತೋರಿಸುತ್ತಾ ಹೋಗುವ ಸರಪಳಿ. ಹದಿನೆಂಟನೇ ವೃತ್ತದಲ್ಲಿ ಹೆಸರುಗಳ ಪಟ್ಟಿ ಮತ್ತು ಯಾವ ತುಂಡು ಖಾಲಿ, ಯಾವುದು ಭರ್ತಿ ಎಂಬ ಲೆಕ್ಕ. ಓಲೆಗರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಅಪಾಯ ಬೇಗ ಹೊಳೆಯುತ್ತದೆ. ದಾರ ಕಿತ್ತುಹೋಗಿ, ಗರಿಯ ಸಂಖ್ಯೆಯೂ ತಪ್ಪಿದ್ದರೆ ಒಂದು ಕಾವ್ಯದ ನಡುವೆ ಇನ್ನೊಂದು ಕಾವ್ಯ ಬಂದು ಕೂರುತ್ತದೆ. ಒಂದೊಂದು ಗರಿಯೂ ಸರಿಯಾಗಿಯೇ ಇರುತ್ತದೆ, ಕಟ್ಟು ಮಾತ್ರ ತಪ್ಪು. 1984ರಲ್ಲಿ ಬಂದ 'ಇನ್‌ಸೈಡ್ ಕಮಡೋರ್ ಡಾಸ್' ಎಂಬ ಪುಸ್ತಕದಲ್ಲಿ ರಿಚರ್ಡ್ ಇಮ್ಮರ್ಸ್ ಮತ್ತು ಜೆರಾಲ್ಡ್ ನ್ಯೂಫೆಲ್ಡ್ ಈ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದ್ದಾರೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯ ಪಕ್ಕ ಇಟ್ಟು ಓದಬಹುದಾದ ಪುಸ್ತಕ ಎಂದು ನಾನಂದರೆ ವಿಭಾಗದಲ್ಲಿ ನಗುತ್ತಾರೆ. ನಗಲಿ.

ತಮಾಷೆಯೆಂದರೆ, '@' ಆಜ್ಞೆಯನ್ನು ರೂಪಿಸಿದ್ದೇ ಎಚ್ಚರಿಕೆಯಿಂದ. ಅದು ಹಳೆಯದನ್ನು ಮೊದಲು ಅಳಿಸುವುದಿಲ್ಲ. ಹೊಸ ಪ್ರತಿಯನ್ನು ಪೂರ್ತಿಯಾಗಿ ಬೇರೆ ಖಾಲಿ ತುಂಡುಗಳಲ್ಲಿ ಬರೆದು, ಪಟ್ಟಿಯಲ್ಲಿನ ವಿಳಾಸವನ್ನು ಹೊಸದರ ಕಡೆಗೆ ತಿರುಗಿಸಿ, ಆಮೇಲೆ ಹಳೆಯ ತುಂಡುಗಳನ್ನು ಬಿಡುಗಡೆ ಮಾಡುತ್ತದೆ. ನಡುವೆ ಕರೆಂಟ್ ಹೋದರೂ ಹಳೆಯ ಪ್ರತಿಯಾದರೂ ಉಳಿಯಲಿ ಎಂಬ ಒಳ್ಳೆಯ ಯೋಚನೆ. ಅದೇ ಕಾಲದ ಆಪಲ್ 2ರ ಡಾಸ್ 3.3ರಲ್ಲಿ ಅದೇ ಹೆಸರಿನಲ್ಲಿ ಸೇವ್ ಮಾಡಿದರೆ ಒಂದು ಮಾತೂ ಕೇಳದೆ ಹಳೆಯದರ ಮೇಲೆಯೇ ಬರೆದುಬಿಡುತ್ತಿತ್ತು. ಬೇಡವೆನ್ನುವವರು ಮೊದಲೇ ಫೈಲಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಹೋಲಿಸಿದರೆ ಕಮಡೋರಿನದು ಹೆಚ್ಚು ಸಭ್ಯ ದಾರಿ.

ಆದರೆ ಆ ಸಭ್ಯತೆಗೆ ಜಾಗ ಬೇಕು. ಡ್ರೈವಿನೊಳಗೆ ಇದ್ದದ್ದು 2 ಕಿಲೋಬೈಟ್ ಸ್ಮೃತಿ. ಅದರಲ್ಲಿ ಡಿಸ್ಕಿನ ತುಂಡುಗಳನ್ನು ತಂದು ಇಟ್ಟುಕೊಳ್ಳಲು ಕೆಲವೇ ಬಫರುಗಳು. ಮೇಲಾಗಿ ಅದರ ಪ್ರೋಗ್ರಾಂ ಹೊಸದಾಗಿ ಬರೆದದ್ದಲ್ಲ. ಕಮಡೋರಿನ ಹಿಂದಿನ, ಒಂದೇ ಪೆಟ್ಟಿಗೆಯಲ್ಲಿ ಎರಡು ಡ್ರೈವ್ ಇದ್ದ ಯಂತ್ರಗಳಿಗಾಗಿ ಬರೆದದ್ದನ್ನು ಕತ್ತರಿಸಿ ಹೊಲಿದದ್ದು. ಹಾಗಾಗಿ 1541ಗೆ ತನ್ನಲ್ಲಿ ಒಂದನೇ ಸಂಖ್ಯೆಯ ಇನ್ನೊಂದು ಡ್ರೈವ್ ಇದೆ ಎಂಬ ನೆನಪು ಎಲ್ಲೋ ಉಳಿದಿತ್ತು. ಆ ಇಲ್ಲದ ಡ್ರೈವಿಗೂ ಒಮ್ಮೊಮ್ಮೆ ಬಫರ್ ಮೀಸಲಾಗುತ್ತಿತ್ತು. ಕೊರತೆ ಬಿದ್ದಾಗ ಬೇರೆಯದರಿಂದ ಬಫರನ್ನು ಕಸಿದುಕೊಳ್ಳುವ ಒಂದು ಏರ್ಪಾಡು ಇತ್ತು. ಅದು ತಪ್ಪಿದಾಗ ಒಂದರ ಜಾಗಕ್ಕೆ ಇನ್ನೊಂದರ ವಿಷಯ ಹೋಗಿ ಡಿಸ್ಕಿನಲ್ಲಿ ಬರೆಯಲ್ಪಡುತ್ತಿತ್ತು. 1980ರ ದಶಕದ ನಡುವಿನಲ್ಲಿ ಫಿಲಿಪ್ ಸ್ಲೇಮೇಕರ್ ಎಂಬವರು ಈ ದೋಷ ನಿಜವೆಂದು, ಅದನ್ನು ಹೇಗೆ ಬೇಕೆಂದೇ ಹುಟ್ಟಿಸಬಹುದೆಂದು ತೋರಿಸಿಕೊಟ್ಟರು. ಮುಂದೆ ಬಂದ ಕೆಲವು ಡ್ರೈವುಗಳಲ್ಲಿ ಕಂಪನಿ ಅದನ್ನು ತಿದ್ದಿತು. ನೆಲ ನಿಜಕ್ಕೂ ಡೊಂಕಾಗಿತ್ತು.

ದೋಷ ಸಾಬೀತಾಗುವ ಮೊದಲಿನ ಆ ಕೆಲವು ವರ್ಷಗಳು ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಮುಖ್ಯ ಭಾಗ. ಪರೀಕ್ಷೆ ಮಾಡಲು ಕೂತವನು ಏನು ಮಾಡುತ್ತಾನೆ? ಹೊಸ ಡಿಸ್ಕ್ ತೆಗೆದುಕೊಳ್ಳುತ್ತಾನೆ, ಶುಚಿಯಾಗಿ ಫಾರ್ಮ್ಯಾಟ್ ಮಾಡುತ್ತಾನೆ, ಒಂದೇ ಫೈಲನ್ನು ಸಾಲುಸಾಲಾಗಿ ಉಳಿಸಿ ನೋಡುತ್ತಾನೆ. ಏನೂ ಆಗುವುದಿಲ್ಲ. ಯಾಕೆಂದರೆ ದೋಷ ಹುಟ್ಟುವುದು ಬಫರುಗಳು ಕಿಕ್ಕಿರಿದಾಗ. ಅಂದರೆ ಒಬ್ಬ ಮನುಷ್ಯ ಗಲೀಜಾಗಿ, ಆ ಫೈಲು ತೆರೆದು ಈ ಫೈಲು ಉಳಿಸಿ, ನಡುವೆ ಇನ್ನೇನೋ ಆಜ್ಞೆ ಕೊಟ್ಟು ಕೆಲಸ ಮಾಡುವಾಗ. ಪರೀಕ್ಷೆಯ ಅಚ್ಚುಕಟ್ಟುತನವೇ ದೋಷವನ್ನು ಮರೆಮಾಡುತ್ತದೆ. ಇನ್ನು ವೆರಿಫೈ ಎಂಬ ಆಜ್ಞೆಯೊಂದಿತ್ತು, ಸ್ಮೃತಿಯಲ್ಲಿರುವುದನ್ನೂ ಡಿಸ್ಕಿನಲ್ಲಿರುವುದನ್ನೂ ಹೋಲಿಸಿ ಸರಿಯಿದೆಯೇ ಹೇಳುತ್ತದೆ. ಆದರೆ ಅದು ನೋಡುವುದು ಈಗ ತಾನೇ ಬರೆದ ಫೈಲನ್ನು ಮಾತ್ರ. ಪಕ್ಕದ ಮನೆಗೆ ಬೆಂಕಿ ಬಿದ್ದದ್ದು ಅದಕ್ಕೆ ಕಾಣದು.

ಹೀಗಾಗಿ ಸಾಕ್ಷಿಯಾಗಿ ಉಳಿದದ್ದು ಜನರ ಮಾತು. ಒಬ್ಬೊಬ್ಬರದು ಒಂದೊಂದು ತರ, ತಾಳೆಯಾಗದ, ಮತ್ತೆ ಮಾಡಿ ತೋರಿಸಲಾಗದ ಮಾತು. ಪ್ರಾಚೀನ ಪಠ್ಯಗಳಲ್ಲಿ ಇಂಥ ಸಂದರ್ಭ ನಮಗೆ ದಿನವೂ ಬರುತ್ತದೆ. ಐದು ಪ್ರತಿಗಳಲ್ಲಿ ಒಂದು ಪಾಠ, ಆರನೆಯದರಲ್ಲಿ ಮಾತ್ರ ಬೇರೆ. ಆರನೆಯ ಲಿಪಿಕಾರ ತೂಕಡಿಸಿರಬಹುದು, ಅಥವಾ ಅವನೊಬ್ಬನ ಮುಂದೆಯೇ ಸರಿಯಾದ ಮೂಲವಿದ್ದಿರಬಹುದು. ಒಳ್ಳೆಯ ಸಂಪಾದಕ ಅದನ್ನು ಮೇಲೆ ತಾರದಿದ್ದರೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. 'ಬಳಸದಿದ್ದರೆ ಒಳ್ಳೆಯದು' ಎಂದ ಪತ್ರಿಕೆಗಳು ಮಾಡಿದ್ದು ಈ ಕೆಲಸ. 'ಕಟ್ಟುಕಥೆ' ಎಂದವರು ಅಡಿಟಿಪ್ಪಣಿಯನ್ನೇ ಕಿತ್ತರು. ಅವರಿಗೆ ತಂತ್ರಜ್ಞಾನ ಕಡಿಮೆ ಗೊತ್ತಿತ್ತು ಎಂದಲ್ಲ, ಕೆಲವೊಮ್ಮೆ ಹೆಚ್ಚೇ ಗೊತ್ತಿತ್ತು. ಯಂತ್ರದ ಕ್ರಮ ಗೊತ್ತಿದ್ದವರಿಗೆ ಅದು ಕ್ರಮ ತಪ್ಪುತ್ತದೆ ಎಂದು ನಂಬುವುದು ಇನ್ನೂ ಕಷ್ಟ.

ಇದೇ ಹೊತ್ತಿಗೆ ಸಾಹಿತ್ಯ ಈ ಯಂತ್ರಗಳನ್ನು ಹೇಗೆ ಕಂಡಿತು ಎಂದು ಹುಡುಕಿದರೆ ಸಿಗುವುದು ಬೇರೆಯದೇ ಭಯ. ಸ್ಟೀಫನ್ ಕಿಂಗ್ 1983ರಲ್ಲಿ ಪ್ರಕಟಿಸಿದ, ಈಗ 'ವರ್ಡ್ ಪ್ರೊಸೆಸರ್ ಆಫ್ ದ ಗಾಡ್ಸ್' ಎಂದು ಹೆಸರಾದ ಕಥೆಯಲ್ಲಿ ಒಬ್ಬ ಲೇಖಕನಿಗೆ ತೀರಿಹೋದ ಅಣ್ಣನ ಮಗ ಗುಜರಿ ಸಾಮಾನಿನಿಂದ ಕಟ್ಟಿದ ಕಂಪ್ಯೂಟರ್ ಸಿಗುತ್ತದೆ. ಅದರಲ್ಲಿ ಟೈಪ್ ಮಾಡಿ ಅಳಿಸಿದರೆ ಲೋಕದಿಂದಲೇ ಅಳಿಸಿಹೋಗುತ್ತದೆ, ಸೇರಿಸಿದರೆ ಹುಟ್ಟುತ್ತದೆ. ಯಂತ್ರ ಬಿಸಿಯಾಗಿ ಸುಟ್ಟುಹೋಗುವ ಮುಂಚೆ ಅವನು ತನಗೆ ಬೇಡವಾದ ಸಂಸಾರವನ್ನು ಅಳಿಸಿ ಬೇಕಾದವರನ್ನು ಬರೆದುಕೊಳ್ಳುತ್ತಾನೆ. ಬಿಗಿಯಾದ ಕಥೆ, ಸ್ವಲ್ಪ ಕ್ರೂರವೂ ಹೌದು. ಎಕೋ ಅವರ 'ಫೂಕೋಸ್ ಪೆಂಡ್ಯುಲಮ್' ಕಾದಂಬರಿಯ ಬೆಲ್ಬೊ ಕೂಡ ತನ್ನ ಕಂಪ್ಯೂಟರಿಗೆ ಅಬುಲಾಫಿಯಾ ಎಂದು ಹೆಸರಿಟ್ಟು, ಬರೆದದ್ದನ್ನು ಒಂದು ಗುಂಡಿಯಲ್ಲಿ ಇಲ್ಲವಾಗಿಸುವ ಸುಖಕ್ಕೆ ಮರುಳಾಗುತ್ತಾನೆ. ಎರಡರಲ್ಲೂ ಯಂತ್ರ ಮಹಾ ವಿಧೇಯ. ಹೇಳಿದ್ದನ್ನು ಮಾಡಿಯೇ ತೀರುತ್ತದೆ. ಭಯವಿರುವುದು ಮನುಷ್ಯನ ಆಸೆಯಲ್ಲಿ. ಅದೇ ವರ್ಷಗಳಲ್ಲಿ ಮನೆಯ ಮೂಲೆಯಲ್ಲಿ ಕೂತಿದ್ದ ನಿಜವಾದ ಯಂತ್ರ, ಹೇಳಿದ್ದನ್ನು ಮಾಡದೆಯೂ ರೆಡಿ ಎನ್ನುತ್ತಿತ್ತು. ಅಳಿಸುವುದರ ಬಗ್ಗೆ ಇಷ್ಟು ಚೆನ್ನಾಗಿ ಬರೆದವರು ಉಳಿಸುವುದರ ಬಗ್ಗೆ ಯಾಕೆ ಬರೆಯಲಿಲ್ಲ? ಹೆಸರಾಂತ ಲೇಖಕರ ಬಳಿ ಇದ್ದದ್ದು ದುಬಾರಿ ಕಚೇರಿ ಯಂತ್ರಗಳು, ಹಿಂದೆ ಒಂದು ಕಂಪನಿ ನಿಂತಿರುತ್ತಿತ್ತು ಎಂಬುದು ಒಂದು ಕಾರಣವಿರಬೇಕು. ಜಿಮ್ಮಿ ಕಾರ್ಟರ್ 1981ರಲ್ಲಿ ಆತ್ಮಕಥನ ಬರೆಯುವಾಗ ತಪ್ಪು ಗುಂಡಿ ಒತ್ತಿ ಕೆಲವು ಪುಟ ಕಳೆದುಕೊಂಡರು. ಕಂಪನಿಗೆ ಫೋನ್ ಮಾಡಿದರು. ಪುಟಗಳು ವಾಪಸು ಬಂದವು. ಮಾಜಿ ಅಧ್ಯಕ್ಷರ ಫೋನ್ ತಾನೇ. 1541 ಇಟ್ಟುಕೊಂಡವನು ಫೋನ್ ಮಾಡಿದರೆ ಡಿಸ್ಕ್ ಬದಲಾಯಿಸಿ ನೋಡಿ ಎನ್ನುವ ಉತ್ತರವಷ್ಟೇ ಸಿಕ್ಕೀತು.

ಕಿರ್ಶೆನ್‌ಬಾಮ್ ಮೇಲಿನ ನನ್ನ ತಕರಾರು ಇಲ್ಲಿಗೆ ಬಂದು ಸೇರುತ್ತದೆ. 'ಟ್ರ್ಯಾಕ್ ಚೇಂಜಸ್' ಓದುವಾಗ ಯಾವ ಲೇಖಕರು ಯಾವ ಯಂತ್ರದಲ್ಲಿ ಬರೆದರು ಎಂಬ ವಿವರಗಳ ಸಂಪತ್ತಿಗೆ ಬೆರಗಾದೆ. ಆದರೆ ಪ್ರಕಟವಾದವರ ಚರಿತ್ರೆಯಲ್ಲಿ ಉಳಿದವರು ಮಾತ್ರ ಇರುತ್ತಾರೆ. ಕೆಟ್ಟ ಡಿಸ್ಕಿನ ನಂತರ ಬರೆಯುವುದನ್ನೇ ಬಿಟ್ಟವರು ಯಾವ ಅಧ್ಯಾಯಕ್ಕೆ ಸೇರುತ್ತಾರೆ? ಇದು ಅವರೊಬ್ಬರ ಕೊರತೆಯಲ್ಲ, ಬಹುಶಃ ಯಾವ ಚರಿತ್ರೆಕಾರನೂ ತುಂಬಲಾಗದ ಜಾಗ. ಆದರೂ ಜಾಗವಿದೆ ಎಂದಾದರೂ ಗೆರೆ ಎಳೆದು ಬಿಡಬಹುದಿತ್ತು, ಗರಿ ಮುರಿದ ಕಡೆ ನಾವು ಚುಕ್ಕಿ ಇಟ್ಟು ಬಿಡುವ ಹಾಗೆ.

ಈ ಡ್ರೈವಿನ ಬಗ್ಗೆ ಇನ್ನೊಂದು ಸಂಗತಿಯನ್ನು ಬಿಟ್ಟರೆ ತಪ್ಪಾಗುತ್ತದೆ. ಓದುವ ಮುಳ್ಳು, ಅಂದರೆ ಹೆಡ್, ಡಿಸ್ಕಿನ ಅಂಚಿನ ಮೊದಲ ವೃತ್ತಕ್ಕೆ ಬಂದಿದೆಯೇ ಎಂದು ತಿಳಿಯುವ ಸೂಕ್ಷ್ಮ ಇದರಲ್ಲಿರಲಿಲ್ಲ. ಹಾಗಾಗಿ ಫಾರ್ಮ್ಯಾಟ್ ಮಾಡುವಾಗ ಅಥವಾ ಓದಲು ತೊಡಕಾದಾಗ ಅದು ಹೆಡ್ಡನ್ನು ಹಿಂದಕ್ಕೆ ತಳ್ಳಿ ತಳ್ಳಿ ಗೋಡೆಗೆ ಬಡಿಯುತ್ತಿತ್ತು, ಇನ್ನು ಹಿಂದೆ ಹೋಗಲಾಗದು ಎಂದಾಗ ಇದೇ ಮೊದಲ ವೃತ್ತ ಎಂದುಕೊಳ್ಳುತ್ತಿತ್ತು. ಕಟಕಟ ಎಂಬ ಆ ಸದ್ದು ಬಳಸಿದವರಿಗೆಲ್ಲ ನೆನಪಿದೆ. ನಕಲು ತಡೆಯಲು ಕೆಲವು ಆಟಗಳ ಡಿಸ್ಕಿನಲ್ಲಿ ಬೇಕೆಂದೇ ದೋಷ ಇಡುತ್ತಿದ್ದರು. ಅವನ್ನು ಹಾಕಿದಾಗಲೆಲ್ಲ ಬಡಿತ. ಬಡಿದು ಬಡಿದು ಹೆಡ್ ತನ್ನ ಸಾಲಿನಿಂದ ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು. ಸರಿದದ್ದು ಕೂಡಲೇ ಗೊತ್ತಾಗುವುದಿಲ್ಲ, ಯಾಕೆಂದರೆ ಡೊಂಕಾದ ಡ್ರೈವ್ ಡೊಂಕಾಗಿ ಬರೆದದ್ದನ್ನು ತಾನೇ ಸಲೀಸಾಗಿ ಓದುತ್ತದೆ. ಗೆಳೆಯನ ಮನೆಗೆ ಡಿಸ್ಕ್ ಒಯ್ದಾಗ ಅಲ್ಲಿ ಓದುವುದಿಲ್ಲ. ಕೊನೆಗೊಂದು ದಿನ ರಿಪೇರಿಗೆ ಕೊಟ್ಟು ಹೆಡ್ಡನ್ನು ಸರಿಮಾಡಿಸಿದರೆ, ಅಷ್ಟು ದಿನ ಅದೇ ಡ್ರೈವಿನಲ್ಲಿ ಬರೆದಿಟ್ಟ ಸ್ವಂತ ಫೈಲುಗಳೇ ಓದಲು ಬರುವುದಿಲ್ಲ. ತಿದ್ದುವುದೆಂದರೆ ಕಳೆದುಕೊಳ್ಳುವುದು ಎಂಬ ಈ ಸ್ಥಿತಿ ನನ್ನ ಕ್ಷೇತ್ರದಲ್ಲೂ ಇದೆ. ಒಬ್ಬ ಲಿಪಿಕಾರನ ವಿಚಿತ್ರ ಕಾಗುಣಿತವನ್ನು ಸಂಪಾದಕ ಸರಿಪಡಿಸಿದ ಕೂಡಲೇ ಆ ಊರಿನ ಉಚ್ಚಾರವೇ ಹೊರಟುಹೋಗುತ್ತದೆ. ಆದರೆ ನಮಗೆ ಮೂಲಪ್ರತಿಗೆ ವಾಪಸು ಹೋಗುವ ದಾರಿಯಿರುತ್ತದೆ.

ಹನ್ನೊಂದು ಪುಟವನ್ನು ನಾನು ಮತ್ತೆ ಬರೆದೆ. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ ಎಂದು ನನಗನ್ನಿಸುತ್ತದೆ; ಮೇಷ್ಟ್ರು ಚೆನ್ನಾಗಿದೆ ಎಂದರು, ಅವರು ಮೊದಲಿನದನ್ನು ನೋಡಿರಲಿಲ್ಲ.

ಈ ಲೇಖನ ಕಳಿಸುವ ಮುಂಚೆ ಆ '@' ದೋಷವನ್ನು ಕಣ್ಣಾರೆ ನೋಡಬೇಕೆಂದು ಒಂದು ಸಂಜೆ ಎಮ್ಯುಲೇಟರ್ ತೆರೆದು ಕೂತೆ. ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ. ನಾಲ್ಕು ಫೈಲು ಹಾಕಿದೆ. ಒಂದನ್ನೇ ತಿದ್ದಿ ತಿದ್ದಿ ನಲವತ್ತು ಸಲ ಅದೇ ಹೆಸರಿಗೆ ಉಳಿಸಿದೆ, ಪ್ರತಿ ಸಲವೂ ಕೆಂಪು ದೀಪ ಮಿಣುಕುತ್ತದೆಯೇ ನೋಡಿದೆ, ನಾಲ್ಕನ್ನೂ ತೆರೆದು ಸಾಲು ಸಾಲು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಒಂದು ಅಕ್ಷರವೂ ಅತ್ತಿತ್ತ ಆಗಿರಲಿಲ್ಲ. ಹಿಂದೆ ಕೂತು ನೋಡುತ್ತಿದ್ದ ರೂಮ್‌ಮೇಟ್, "ಏನೂ ಆಗ್ಲಿಲ್ವಲ್ಲೇ?" ಎಂದಳು.